ಗುಡಾರದಲ್ಲಿ ಕುರ್ಚಿ ಇರಲಿಲ್ಲ

ಅವರು ಕೂತದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಹೋದ ತಿಂಗಳು, ಅವರು ಮಾಲೂರು ಬಿಟ್ಟು ನೆಲೆಸಿದ್ದ ಕೋಲಾರದಿಂದ ಅವರ ಹೆಂಡತಿಯ ಕಾಗದ ಬಂತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು ಹಾಗೇ ಹೋಗಿಬಿಟ್ಟರು ಎಂದು ಬರೆದಿದ್ದರು. ಓದಿದ ಕೂಡಲೇ ನನಗೆ ಅಳು ಬರಲಿಲ್ಲ. ಕುರ್ಚಿಯಲ್ಲಿ ಕೂತಿದ್ದರಂತಲ್ಲ, ಸದ್ಯ, ಅನ್ನಿಸಿತು. ಅಳು ಬಂದದ್ದು ಆಮೇಲೆ, ಹೊಲಿಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುವಾಗ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ಹೊಲಿಗೆ ಟೀಚರಾಗಿ ಮಾಲೂರಿಗೆ ಬಂದೆ. ಬಾಡಿಗೆಗೆ ಹಿಡಿದ ಮನೆಯ ಪಕ್ಕದ ಗೋಡೆಯೇ ಅವರದು. ಊರಾಚೆ ಇದ್ದ ಒಂದು ಇಟ್ಟಿಗೆ ಗೂಡಿನಲ್ಲಿ ಅವರು ಮೇಸ್ತ್ರಿ. ಮುಳಬಾಗಿಲು ಕಡೆಯ ಕ್ರೈಸ್ತರು, ಮಾತಿನಲ್ಲಿ ಅರ್ಧ ತೆಲುಗು, ಎತ್ತರದ ಆಳು. ಎರಡು ಅಂಗೈಯೂ ಬೆಂಕಿಗೆ ಬೆಂದು ಬೆಂದು ಗೆರೆಗಳೇ ಅಳಿಸಿಹೋಗಿದ್ದವು. ಯಾವ ವಸ್ತು ಕಂಡರೂ ಮೊದಲು ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು. ಗೋಡೆ, ಲೋಟ, ಮಕ್ಕಳ ಹಣೆ, ಒಮ್ಮೆ ನನ್ನ ಇಸ್ತ್ರಿಪೆಟ್ಟಿಗೆ ಕೂಡ. ಊರಿನವರು ಅವರನ್ನು ಗುಡಾರದ ಮೇಸ್ತ್ರಿ ಅನ್ನುತ್ತಿದ್ದರು. ಅವರ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಬರೆಯದಿರುವುದಕ್ಕೆ ಕಾರಣ ಮುಂದೆ ನಿಮಗೇ ತಿಳಿಯುತ್ತದೆ.

ಮೊದಲ ವಾರವೇ ನಾನು ಗಮನಿಸಿದ ಸಂಗತಿ, ಈ ಮನುಷ್ಯ ಕೂರುವುದೇ ಇಲ್ಲ ಎಂಬುದು. ಊಟ ನಿಂತೇ. ಗೋಡೆಯ ಗೂಡಿನಲ್ಲಿ ತಟ್ಟೆ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮೇಲಿನ ಸರಳು ಹಿಡಿದು ನೇತಾಡುತ್ತಿದ್ದರು. ನಮ್ಮ ಮನೆಗೆ ಬಂದಾಗ ನಾನು ಕುರ್ಚಿ ಹಾಕಿದರೆ ಅದರ ಬೆನ್ನು ಹಿಡಿದು ನಿಂತುಕೊಳ್ಳುತ್ತಿದ್ದರು. ನನಗೆ ಬಾಯಿ ಸ್ವಲ್ಪ ಜೋರು. ಮೂಲವ್ಯಾಧಿಯೇನ್ರೀ ಮೇಸ್ತ್ರಿ ಎಂದು ಅವರ ಹೆಂಡತಿಯ ಎದುರಿಗೇ ಕೇಳಿಬಿಟ್ಟೆ. ಅವರು ನಕ್ಕರು. ಅಕ್ಕ ನಗಲಿಲ್ಲ. ಆ ಹೆಣ್ಣುಮಗಳನ್ನು ನಾನು ಮೊದಲ ದಿನದಿಂದಲೂ ಅಕ್ಕ ಅಂತಲೇ ಕರೆಯುತ್ತಿದ್ದೆ.

ಗುಡಾರದ ವಿಷಯಕ್ಕೆ ಬರುತ್ತೇನೆ. ಮೋಶೆಯ ಕಾಲದಲ್ಲಿ ಇಸ್ರಾಯೇಲರು ಮರಳುಗಾಡಿನಲ್ಲಿ ಅಲೆಯುವಾಗ ತಮ್ಮ ದೇವರಿಗೆಂದು ಒಂದು ಗುಡಾರ ಕಟ್ಟಿದ್ದರಂತೆ. ಬಿಚ್ಚಿ, ಹೊತ್ತು, ಮುಂದಿನ ಜಾಗದಲ್ಲಿ ಮತ್ತೆ ನಿಲ್ಲಿಸುವ ಗುಡಿ ಅದು. ಕಂಬ ಎಷ್ಟು, ಪರದೆ ಎಷ್ಟು ಮೊಳ, ಗೂಟ ಯಾವ ಲೋಹದ್ದು, ಎಲ್ಲ ಅವರ ಗ್ರಂಥದಲ್ಲಿ ಇದೆ. ಮೇಸ್ತ್ರಿ ಅದನ್ನು ಮೊಳಕ್ಕೆ ಮೂರು ಇಂಚಿನ ಲೆಕ್ಕದಲ್ಲಿ ಮಾದರಿ ಮಾಡುತ್ತಿದ್ದರು. ಮೂರು ಟ್ರಂಕಿನಲ್ಲಿ ತುಂಬಿಕೊಂಡು ಕೋಲಾರ, ಮುಳಬಾಗಿಲು ಎಂದು ತಮ್ಮ ಸಭೆಯವರು ಕರೆದ ಕಡೆಗೆಲ್ಲ ಹೋಗಿ, ಬಯಲಿನಲ್ಲಿ ನಿಲ್ಲಿಸಿ, ಒಂದೊಂದರ ಅರ್ಥ ಹೇಳುತ್ತಿದ್ದರು. ಮೋಶೆಯ ಗುಡಾರ ಬರೀ ಗುಡಾರವಲ್ಲ, ಮುಂದೆ ಬರಲಿದ್ದ ಯೇಸುಸ್ವಾಮಿಯ ನಕ್ಷೆ ಅನ್ನುವುದು ಅವರ ಮಾತಿನ ತಿರುಳು. ಮನೆ ಕಟ್ಟುವ ಮುಂಚೆ ನೂಲು ಹಿಡಿದು ಗುರುತು ಹಾಕ್ತೀವಲ್ಲ, ಹಂಗೆ, ಅನ್ನುತ್ತಿದ್ದರು.

ಮರ ಜಾಲಿಯದೇ ಆಗಬೇಕು. ಅವರ ಗ್ರಂಥದಲ್ಲಿ ಹಾಗೇ ಇದೆಯಂತೆ. ಮಾಲೂರಿನ ಬಡಗಿ ಕೈಮುಗಿದ. ಜಾಲಿಯನ್ನು ಬೇಲಿಗೆ ಹಾಕುತ್ತಾರೆ, ಒಲೆಗೆ ಹಾಕುತ್ತಾರೆ, ದೇವರ ಮನೆಗೆ ಯಾರಾದರೂ ಹಾಕುತ್ತಾರಾ ಎಂದ. ಅದನ್ನು ಕೇಳಿ ಮೇಸ್ತ್ರಿಗೆ ಬಹಳ ಖುಷಿಯಾಯಿತು. ಯಾರಿಗೂ ಬೇಡವಾದ ಮುಳ್ಳುಮರ ಅದು, ನಮ್ಮ ಹಾಗೆ. ಅದರ ಮೇಲೆ ಚಿನ್ನದ ತಗಡು ಹೊದಿಸಿದರು, ಒಳಗೆ ಮನುಷ್ಯ, ಹೊರಗೆ ದೇವರು, ಎರಡೂ ಒಂದೇ ಹಲಗೆಯಲ್ಲಿ, ಇದೇ ಸ್ವಾಮಿ, ಎಂದು ಬಡಗಿಗೆ ವಿವರಿಸಿದರು. ಬಡಗಿ ಗರಗಸ ಎತ್ತಿಕೊಂಡ.

ತೊಗಲಿಗಾಗಿ ಮುಳಬಾಗಿಲಿನ ಬಾಷಾ ಸಾಬರ ಮಂಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕೆಂಪು ಹದ ಹಾಕಿದ ಟಗರಿನ ತೊಗಲು ಬೇಕು, ಹೊಲಿಯುವವಳು ನಾನು, ದಪ್ಪ ನೋಡಬೇಕಿತ್ತು. ಯಾತಕ್ಕೆ ಎಂದು ಸಾಬರು ಕೇಳಿದರು. ಮೇಸ್ತ್ರಿ ಹೇಳಿದರು. ಮೂಸಾ ನಬಿಯ ಡೇರೆಯಾ, ಎಂದು ಸಾಬರು ಎದ್ದು ನಿಂತರು; ಮೋಶೆ ಅವರಿಗೂ ಪ್ರವಾದಿ. ಮೊದಲು ತೋರಿಸಿದ ತೊಗಲುಗಳನ್ನು ಪಕ್ಕಕ್ಕೆ ತಳ್ಳಿ, ಒಳಗಿನಿಂದ ಬೇರೆ ಕಟ್ಟು ತಂದು ಹಾಕಿದರು. ಆಮೇಲೆ ಮೇಸ್ತ್ರಿಯನ್ನು ಕೂರಲು ಹೇಳಿ ಹೇಳಿ ಸಾಕಾಗಿ, ಅವರೂ ನಿಂತೇ ಟೀ ಕುಡಿದರು.

ನಾನು ಹೊಲಿದ ಹೊದಿಕೆಗಳ ಬಗ್ಗೆ ನನಗೆ ಈಗಲೂ ಜಂಭವಿದೆ. ತಳದಲ್ಲಿ ನೀಲಿ, ಊದಾ, ಕೆಂಪು ದಾರದ ಕಸೂತಿ ಹಾಕಿದ ಬಿಳಿ ಬಟ್ಟೆ. ಅದರ ಮೇಲೆ ಆಡಿನ ಕೂದಲಿನ ಕಂಬಳಿ. ಅದರ ಮೇಲೆ ಕೆಂಪು ತೊಗಲು. ಎಲ್ಲಕ್ಕೂ ಮೇಲೆ ಒಂದು ಮಂಕು ಕಪ್ಪು ತೊಗಲು. ಹೊರಗಿನಿಂದ ನೋಡಿದರೆ ನಂಗಲಿ ಚೆಕ್‌ಪೋಸ್ಟಿನಲ್ಲಿ ಟಾರ್ಪಾಲು ಹೊದ್ದು ನಿಂತ ಲಾರಿ. ಇಷ್ಟು ಚಂದದ ಕಸೂತಿ ಯಾರಿಗೂ ಕಾಣದ ಹಾಗೆ ಮುಚ್ಚುತ್ತೀರಲ್ಲ ಎಂದು ನಾನು ಜಗಳ ತೆಗೆದೆ. ಸ್ವಾಮಿಯೂ ಹೊರಗಿನಿಂದ ನೋಡಿದವರಿಗೆ ಬರೀ ಬಡಗಿಯ ಮಗ, ಒಳಗೆ ಬಂದವರಿಗೆ ಮಾತ್ರ ಕಸೂತಿ ಕಾಣುತ್ತೆ, ಅಂದರು.

ಇನ್ನೊಂದು ಜಗಳ ತೆರೆಯದು. ಗುಡಾರದ ಒಳಗೆ ಎರಡು ಕೋಣೆ. ಹಿಂದಿನ ಕೋಣೆ ಮಹಾಪರಿಶುದ್ಧ, ಅಲ್ಲಿಗೆ ಮಹಾಯಾಜಕ ಮಾತ್ರ ವರ್ಷಕ್ಕೊಂದು ದಿನ ಹೋಗಬಹುದು. ನಡುವೆ ತೆರೆ. ನಾನು ಕೈ ತೂರಿಸಲು ಅನುಕೂಲವಾಗಲಿ ಎಂದು ಅದನ್ನು ಎರಡು ಭಾಗ ಮಾಡಿ, ಮಧ್ಯೆ ಸೀಳು ಬಿಟ್ಟು ಹೊಲಿದಿದ್ದೆ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ದಾರಿ ಇರಲಿಲ್ಲ ಟೀಚರಮ್ಮ. ದಾರಿ ಇದ್ದಿದ್ರೆ ಅದು ಹರೀಬೇಕಾಗೇ ಇರಲಿಲ್ಲ."

ಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತಂತೆ. ಆ ತೆರೆ ಅವರ ದೇಹ, ಅದು ಹರಿದ ಮೇಲೆಯೇ ಒಳಕ್ಕೆ ದಾರಿ. ನಾನು ಗೊಣಗಿಕೊಂಡು ಬಿಚ್ಚಿ, ಅಖಂಡ ಬಟ್ಟೆಯಲ್ಲಿ ಮತ್ತೆ ಹೊಲಿದೆ.

ಒಂದು ಸಂಜೆ ಎಲ್ಲವನ್ನೂ ಅವರ ನಡುಮನೆಯಲ್ಲಿ ಜೋಡಿಸಿ ನೋಡುತ್ತಿದ್ದೆವು. ಸುತ್ತ ಪರದೆ ಕಟ್ಟಿದ ಅಂಗಳ, ಅದಕ್ಕೆ ಬಾಗಿಲು ಒಂದೇ. ಒಳಗೆ ಬಂದರೆ ಯಜ್ಞವೇದಿ, ಅದು ಶಿಲುಬೆ. ಕೈಕಾಲು ತೊಳೆಯುವ ತಾಮ್ರದ ತೊಟ್ಟಿ. ಗುಡಾರದೊಳಗೆ ರೊಟ್ಟಿಯ ಮೇಜು, ಏಳು ದೀಪದ ಕಂಬ, ಧೂಪವೇದಿ. ತೆರೆಯ ಹಿಂದೆ ಮಂಜೂಷ, ಅಂದರೆ ಹತ್ತು ಆಜ್ಞೆಗಳ ಕಲ್ಲುಹಲಗೆ ಇಟ್ಟ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಕೃಪಾಸನ ಎಂದು ಹೆಸರು, ಮೇಲೆ ರೆಕ್ಕೆ ಚಾಚಿದ ಎರಡು ದೂತರು. ಮಣ್ಣಿನ ಕೆಲಸದವರಾದ್ದರಿಂದ ಅವರಿಗೆ ಎಲ್ಲಕ್ಕಿಂತ ಇಷ್ಟ ನೆಲ. ಸುತ್ತ ಚಿನ್ನವಿದ್ದರೂ ಕಾಲ ಕೆಳಗೆ ಏನೂ ಹಾಸಿರಲಿಲ್ಲ, ಬರೀ ಮಣ್ಣು, ಎಂದು ಹತ್ತು ಸಲವಾದರೂ ಹೇಳಿದ್ದರು. ನಾನು ಮನೆ ನಡೆಸುವ ಹೆಂಗಸು, ಸಾಮಾನು ಎಣಿಸಿದೆ. ಮೇಜಿದೆ, ದೀಪವಿದೆ, ಕುರ್ಚಿ ಎಲ್ಲಿ ಎಂದೆ. ಕುರ್ಚಿ ಇಲ್ಲ, ಅಂದರು. ಪಾಪ ದಿನಾ ಆಗುತ್ತೆ, ಹೋಮವೂ ದಿನಾ ಆಗಬೇಕು, ಯಾಜಕನ ಕೆಲಸ ಮುಗಿಯುವುದೇ ಇಲ್ಲ, ಮುಗಿಯದವನು ಕೂರುವುದು ಹೇಗೆ? ಯೇಸುಸ್ವಾಮಿ ಒಂದೇ ಸಲಕ್ಕೆ ಎಲ್ಲ ಮುಗಿಸಿ, ತಂದೆಯ ಬಲಗಡೆ ಹೋಗಿ ಕೂತರು. ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಗಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಕೆಲಸ ಮುಗೀತು ಅಂತ ನಿಮ್ಮ ಸ್ವಾಮಿ ಕೂತ್ಕೊಂಡ್ರು ಅಂತೀರ. ಹಂಗಾದ್ರೆ ನೀವ್ಯಾಕ್ರೀ ಇನ್ನೂ ನಿಂತೇ ಇದೀರ?"

ತಮಾಷೆಗೆ ಕೇಳಿದ್ದು ನಾನು. ಮೇಸ್ತ್ರಿಯ ಮುಖದ ಬಣ್ಣ ಹೋಯಿತು. ಗೋಡೆಗೆ ಅಂಗೈ ಒತ್ತಿ ಹಿಡಿದು ನಿಂತುಬಿಟ್ಟರು. ಅಕ್ಕ ಹಿತ್ತಿಲಿಗೆ ಎದ್ದುಹೋದರು. ನಾನೂ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿಕೊಂಡು ಮನೆಗೆ ಬಂದೆ. ಮನಸ್ಸಿಗೆ ಸರಿಬರಲಿಲ್ಲ.

ವಾರ ಕಳೆದ ಮೇಲೆ ಮಂಜೂಷದ ಸರದಿ. ಅದನ್ನು ಹೊತ್ತೊಯ್ಯುವಾಗ ಮೇಲೆ ನೀಲಿ ಬಟ್ಟೆ ಹೊದಿಸಬೇಕಂತೆ. ಅಳತೆಗೆ ಪೆಟ್ಟಿಗೆ ಬೇಕು ಎಂದೆ. ಮೇಸ್ತ್ರಿ ಗೂಡಿಗೆ ಹೋಗಿದ್ದರು, ಅಕ್ಕ ತಂದುಕೊಟ್ಟರು. ಇದನ್ನು ಯಾರೂ ತೆರೆಯಬಾರದು ಎಂದು ಮೇಸ್ತ್ರಿ ಎಷ್ಟೋ ಸಲ ಹೇಳಿದ್ದರು. ಹೇಳಿದ್ದರಿಂದಲೇ ನಾನು ತೆರೆದೆ, ಸುಳ್ಳೇಕೆ ಹೇಳಲಿ. ಒಳಗೆ ಸುಟ್ಟಮಣ್ಣಿನ ಎರಡು ಪುಟ್ಟ ಹಲಗೆ. ಹಸಿ ಇದ್ದಾಗಲೇ ಮೊಳೆಯಿಂದ ಗೀಚಿ ಬರೆದು ಗೂಡಿನಲ್ಲಿ ಸುಟ್ಟಿದ್ದರು. ಒಂದರಲ್ಲಿ ಐದು ಸಾಲು. ಇನ್ನೊಂದರಲ್ಲಿ ನಾಲ್ಕೇ. ಮೂರು ಸಾಲಾದ ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ, ಅದರ ಕೆಳಗೆ ಕೊನೆಯದು. ಮರೆತದ್ದಲ್ಲ, ಜಾಗ ಅಳೆದು ಬಿಟ್ಟದ್ದು. ಹತ್ತು ಆಜ್ಞೆ ನನಗೆ ಬಾಯಿಪಾಠವಿಲ್ಲ. ಯಾವುದು ಬಿಟ್ಟಿದೆ ಅಕ್ಕಾ ಎಂದು ಕೇಳಿದೆ.

ಅಕ್ಕ ಹಲಗೆ ನೋಡಿದ್ದು ಅದೇ ಮೊದಲು. ಬೆರಳಿನಿಂದ ಸಾಲು ಎಣಿಸಿದರು. ಸುಳ್ಳುಸಾಕ್ಷಿ ಹೇಳಬಾರದು ಅನ್ನುವುದು ಎಂದು ಹೇಳಿ, ಹಾಗೇ ನೆಲದ ಮೇಲೆ ಕೂತರು. ಆಮೇಲೆ ಎಲ್ಲ ಹೊರಗೆ ಬಂತು.

ನಾನು ಬರುವುದಕ್ಕೆ ನಾಲ್ಕು ವರ್ಷ ಹಿಂದಿನ ಮಾತು. ಇಟ್ಟಿಗೆ ಗೂಡಿಗೆ ಹೊರಗೆಲ್ಲ ಮಣ್ಣು ಮೆತ್ತಿ ಬೆಂಕಿ ಕೊಡುತ್ತಾರೆ. ಬೆಂದ ಮೇಲೆ ದಿನಗಟ್ಟಲೆ ಆರಲು ಬಿಡಬೇಕು. ಆರಿದೆಯೋ ಇಲ್ಲವೋ ಎಂದು ಹೇಳುವುದು ಮೇಸ್ತ್ರಿಯ ಅಂಗೈ. ಅವತ್ತು ಇನ್ನೂ ಆರಿರಲಿಲ್ಲ. ಆದರೆ ಲಾರಿ ಬಂದು ನಿಂತಿತ್ತು, ಮಾಲೀಕರು ಅವಸರ ಮಾಡುತ್ತಿದ್ದರು. ಬಿಚ್ಚಿ ಎಂದು ಮೇಸ್ತ್ರಿ ಹೇಳಿದರು. ಬಿಚ್ಚಲು ಹತ್ತಿದವನು ಚಿಕ್ಕವೆಂಕಟ, ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಹುಡುಗ, ಮದುವೆಯಾಗಿ ಮೂರು ವರ್ಷ. ಬಿಸಿ ಇಟ್ಟಿಗೆಯ ಗೋಡೆ ಜಾರಿ ಅವನ ಮೇಲೆ ಬಿತ್ತು, ಅಲ್ಲೇ ಸತ್ತ. ಕುಡಿದು ಬಂದು ಗೂಡಿನ ಕಾವಿಗೆ ಗೋಡೆಯ ಬುಡದಲ್ಲಿ ಮಲಗಿದ್ದ ಎಂದು ಮಾಲೀಕರು ಪೊಲೀಸರ ಮುಂದೆ ಬರೆಸಿದರು. ಕಣ್ಣಾರೆ ಕಂಡ ಸಾಕ್ಷಿ ಎಂದು ಸಹಿ ಹಾಕಿದವರು ನಮ್ಮ ಮೇಸ್ತ್ರಿ. ಅವತ್ತಿನಿಂದ ಊಟಕ್ಕೂ ಕೂತಿಲ್ಲ ಎಂದರು ಅಕ್ಕ. ಅವನ ಹೆಂಡತಿ ನಾರಾಯಣಮ್ಮ ಮೂರು ಸಲ ಗೂಡಿನ ಗೇಟಿಗೆ ಬಂದು, ನನ್ನ ಗಂಡ ಕುಡೀತಿರಲಿಲ್ಲ ಎಂದು ಕೂಗಿ ಹೋಗಿದ್ದಳಂತೆ. ಮೂರು ಸಲವೂ ಇವರು ಒಲೆಬಾಯಿಯ ಹಿಂದೆ ಅವಿತುಕೊಂಡಿದ್ದರಂತೆ.

ನನಗೆ ಮೈಯೆಲ್ಲ ಉರಿಯಿತು. ಇಂಥ ಮನುಷ್ಯನಿಗೆ ಆರು ತಿಂಗಳು ಕಸೂತಿ ಹಾಕಿಕೊಟ್ಟೆನಲ್ಲ ಅನ್ನಿಸಿತು. ಸತ್ತವನ ಹೆಸರಿಗೆ ಮಸಿ ಬಳಿದು, ಊರೂರಿಗೆ ಹೋಗಿ ಪಾಪ, ಕ್ಷಮೆ ಎಂದು ಭಾಷಣ. ಆದರೆ ನಿಜ ಹೇಳುತ್ತೇನೆ, ನಾನು ಹೊಲಿಗೆ ನಿಲ್ಲಿಸಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ದಿನ ಬೆಳಗಾದರೆ ಮುಖ ನೋಡಬೇಕಾದ ಪಕ್ಕದ ಮನೆಯವರು, ನಾನು ಒಂಟಿ ಹೆಂಗಸು, ಊರಿಗೆ ಹೊಸಬಳು, ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅವರೂ ಹೀಗೆಯೇ ತಮಗೆ ತಾವೇ ಏನೋ ಹೇಳಿಕೊಂಡಿರಬೇಕು. ಎರಡು ತಿಂಗಳು ನಾನು ಅವರ ಮುಖ ನೋಡದೆ ಬಟ್ಟೆ ಕೊಟ್ಟು ಬರುತ್ತಿದ್ದೆ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ಕರೆ ಬಂತು. ಅಲ್ಲಿಗೆ ಮಾತ್ರ ಬೇಡ ಎಂದು ಅಕ್ಕ ಕಾಲು ಹಿಡಿದರು. ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು. ಮೇಸ್ತ್ರಿ ಒಂದೇ ಮಾತು ಹೇಳಿದರು, ಕರೆದಿದಾರೆ, ಹೋಗ್ಬೇಕು. ಟ್ರಂಕು ಹೊರಲು ಆಳು ಸಿಗುತ್ತಿತ್ತು, ನಾನು ಹೋಗಲೇಬೇಕೆಂದಿರಲಿಲ್ಲ. ಆದರೂ ಹೋದೆ. ಏನಾಗುತ್ತದೋ ನೋಡದೆ ಇರಲು ನನ್ನಿಂದ ಆಗಲಿಲ್ಲ.

ಪ್ರಾರ್ಥನಾಮಂದಿರದ ಪಕ್ಕದ ಮಾವಿನತೋಪಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಗುಡಾರ ಎದ್ದು ನಿಂತಿತು. ಸಭೆಯವರು ಬಂದಿದ್ದರು, ಕಾಯಿ ಕೀಳುವ ಕೂಲಿಗಳು ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದರು. ಮೇಸ್ತ್ರಿ ಕಪ್ಪು ತೊಗಲು ಸರಿಸಿದರು, ಕೆಂಪು ಸರಿಸಿದರು, ಕಂಬಳಿ ಸರಿಸಿದರು. ನನ್ನ ಕಸೂತಿ ಕಂಡು ಜನ ಹಾ ಎಂದರು. ಆಗ ಅಕ್ಕ ನನ್ನ ಮಣಿಕಟ್ಟು ಹಿಡಿದರು. ಎದುರಿಗೆ ಬಲಗಡೆ, ನೀಲಿ ಸೀರೆಯ ಹೆಂಗಸು, ಅವಳೇ ಕಣಮ್ಮ ಎಂದು ಪಿಸುಗುಟ್ಟಿದರು. ಮೂವತ್ತು ತುಂಬಿರದ ಹೆಂಗಸು. ಅವಳು ಗುಡಾರದ ಕಡೆ ನೋಡುತ್ತಲೇ ಇರಲಿಲ್ಲ. ಮಾಲೂರಿನ ಗೂಡಿನ ಮೇಸ್ತ್ರಿ ಬರುತ್ತಾನೆ ಎಂದು ಯಾರೋ ಹೇಳಿರಬೇಕು, ಅವರ ಮುಖವನ್ನೇ ನೋಡುತ್ತಾ ಕೂತಿದ್ದಳು.

ಮೇಸ್ತ್ರಿಯೂ ಅವಳನ್ನು ನೋಡಿದರು. ಯಜ್ಞವೇದಿಯ ಹತ್ತಿರ ಮಾತು ಒಮ್ಮೆ ತಡವರಿಸಿತು. ತೊಟ್ಟಿಯ ಅರ್ಥ ಹೇಳಿದರು. ರೊಟ್ಟಿಯ ಅರ್ಥ ಹೇಳಿದರು, ದೀಪದ್ದು ಹೇಳಿದರು. ಪ್ರತಿ ಸಲ ಒಂದೊಂದು ಹೆಜ್ಜೆ ಒಳಗೆ. ಧೂಪವೇದಿಯ ಹತ್ತಿರ ಬರುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತೆರೆ ಸರಿಸಿ, ಇದು ಮಂಜೂಷ, ಇದರ ಮುಚ್ಚಳ ಕೃಪಾಸನ, ಒಳಗಿರುವ ಆಜ್ಞೆ ಎದ್ದು ನಮ್ಮ ಮೇಲೆ ಸಾಕ್ಷಿ ಹೇಳದ ಹಾಗೆ ಕೃಪೆ ಮುಚ್ಚಿ ಕಾಯುತ್ತದೆ, ಎಂದು ಬೇಗಬೇಗ ಹೇಳಿ ಕೈಮುಗಿದರು. ಮುಗಿಯಿತು, ದಾಟಿಬಿಟ್ಟೆವು, ಎಂದುಕೊಂಡೆ. ನಾರಾಯಣಮ್ಮ ಎದ್ದು ನಿಂತಳು.

"ಎಲ್ಲಾ ಬಿಚ್ಚಿ ಬಿಚ್ಚಿ ತೋರ್ಸಿದೆ. ಆ ಪೆಟ್ಟಿಗೆ ಮಾತ್ರ ಯಾಕೆ ಬಿಚ್ಚಲ್ಲ?"

ಸಭೆಯ ಪಾದ್ರಿ ಅಯ್ಯನವರು ಮುಂದೆ ಬಂದು, ಅದು ಪರಿಶುದ್ಧವಾದದ್ದು ತಾಯಿ, ಯಾರೂ ತೆರೆಯುವಂತಿಲ್ಲ ಎಂದು ಸಮಾಧಾನ ಹೇಳಿದರು. ನಾನು ಮೇಸ್ತ್ರೀನ ಕೇಳ್ತಿದೀನಿ ಎಂದಳು ಅವಳು. ಜನ ತಿರುಗಿ ನೋಡಿದರು. ಯಾರೋ ಸೆರಗು ಹಿಡಿದು ಎಳೆದರು, ಬಿಡಿಸಿಕೊಂಡಳು.

ಮೇಸ್ತ್ರಿ ನಿಂತಲ್ಲೇ ಬಗ್ಗಿ ಮುಚ್ಚಳ ತೆಗೆದರು. ಎರಡನೆಯ ಹಲಗೆಯನ್ನು ಎತ್ತಿ ಹಿಡಿದರು. ಇದರಲ್ಲಿ ಒಂದು ಸಾಲು ಬರೆಯೋದಕ್ಕೆ ನನ್ನ ಕೈ ಬರಲಿಲ್ಲ, ಸುಳ್ಳುಸಾಕ್ಷಿಯ ಸಾಲು, ಎಂದರು. ಆಮೇಲೆ ಅವಳನ್ನೇ ನೋಡುತ್ತಾ ಹೇಳಿದರು.

"ನಿನ್ನ ಗಂಡ ಕುಡಿದಿರಲಿಲ್ಲಮ್ಮ. ಗೂಡು ಆರಿರಲಿಲ್ಲ. ಬಿಚ್ಚಿ ಅಂದದ್ದು ನಾನು. ಕುಡಿದಿದ್ದ ಅಂತ ಸಹಿ ಹಾಕಿದ್ದೂ ನಾನೇ."

ಅವಳು ಅಳಲಿಲ್ಲ, ಕಿರುಚಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ತಿರುವಿ ತಿರುವಿ ಇಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಕೇಳಿದಳು.

"ಅವನ ಬಾಯಿ ಮೂಸಿ ನೋಡಿದ್ಯಾ ನೀನು?"

ಇಲ್ಲಮ್ಮ, ಎಂದರು ಮೇಸ್ತ್ರಿ.

ಇವರಿಗೆಲ್ಲ ಹೇಳಿದರೆ ನನಗೇನು ಬಂತು ಎಂದಳು ಅವಳು. ನಮ್ಮ ಸೀಮೆಯಲ್ಲಿ ಹಿರಿಯರ ಹಬ್ಬದ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನಿಷ್ಟವೋ ಅದನ್ನೆಲ್ಲ ಎಲೆಯ ಮೇಲೆ ಇಡಬೇಕು. ನಮ್ಮ ಮನೆಯಲ್ಲಿ ತಾತನಿಗೆ ಬೀಡಿ ಕಟ್ಟು ಇಡುತ್ತಿದ್ದೆವು. ನಾರಾಯಣಮ್ಮನ ಅತ್ತೆ ಪ್ರತಿ ವರ್ಷ ಮಗನ ಎಡೆಗೆ ಒಂದು ಗ್ಲಾಸು ಸಾರಾಯಿ ಇಡುತ್ತಿದ್ದಳಂತೆ. ಸರ್ಕಾರದ ಕಾಗದದಲ್ಲೇ ಕುಡಿದಿದ್ದ ಎಂದು ಬರೆದಿದೆಯಲ್ಲ, ನನಗೆ ಹೇಳದೆ ಕುಡಿಯುತ್ತಿದ್ದ, ಆಸೆಪಟ್ಟದ್ದು ಇಡದಿದ್ದರೆ ಮಗು ಬರಿಬಾಯಲ್ಲಿ ಹೋಗುತ್ತೆ ಎಂಬುದು ಅತ್ತೆಯ ಮಾತು. ಬೇಡ ಎಂದರೆ ಸೊಸೆಯ ಮಾತು ಕೇಳುತ್ತಿರಲಿಲ್ಲ. ಹಬ್ಬಕ್ಕೆ ಬಾ, ಎಡೆಯ ಮುಂದೆ ನಿಂತು ಹೇಳು, ಅವನಿಗೂ ಕೇಳಲಿ, ಎಂದು ಹೇಳಿ ನಾರಾಯಣಮ್ಮ ಹೊರಟುಹೋದಳು.

ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳನ್ನು ನಾನು ಈಗಲೂ ಮರೆತಿಲ್ಲ. ಮೇಸ್ತ್ರಿ ಮಾಲೂರಿನ ಠಾಣೆಗೆ ಹೋಗಿ ನಿಜವನ್ನು ಬರೆದುಕೊಟ್ಟರು. ಮುಗಿದುಹೋದ ಕೇಸು ಎಂದು ಅದನ್ನು ಮೇಜಿನ ಖಾನೆಯೊಳಗೆ ಹಾಕಿದರಂತೆ. ಮಾರನೆಯ ದಿನವೇ ಕೆಲಸ ಹೋಯಿತು. ಮಾಲೀಕರ ಕಡೆಯವನೊಬ್ಬ ದಿನವೂ ಬಂದು ಅವರ ಜಗಲಿಯ ಮೇಲೆ ಕೂರತೊಡಗಿದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆ ಹಳ್ಳಿಗೆ ಹೋದರೆ ನೋಡು, ಬಿಚ್ಚು ಅಂದವನು ನೀನು, ಜೈಲಿಗೆ ಹೋಗೋನೂ ನೀನೊಬ್ಬನೇ, ಎಂದು ಹೇಳಿ ಎಲೆಅಡಿಕೆ ಉಗಿದು ಹೋಗುತ್ತಿದ್ದ. ಅಕ್ಕ ಸೊರಗಿ ಕಡ್ಡಿಯಾದರು. ಮೇಸ್ತ್ರಿ ಕೋಲಾರದಲ್ಲಿ ಒಮ್ಮೆ, ಮುಳಬಾಗಿಲಿನಲ್ಲಿ ಒಮ್ಮೆ ಗುಡಾರ ನಿಲ್ಲಿಸಿದರು. ಎರಡು ಕಡೆಯೂ ಪೆಟ್ಟಿಗೆ ತೆರೆದು ಹಲಗೆ ತೋರಿಸಿದರು. ಆಮೇಲೆ ಸಭೆಯ ಹಿರಿಯರು ಅವರನ್ನು ಕರೆಯುವುದನ್ನೇ ಬಿಟ್ಟರು. ಬಾಷಾ ಸಾಬರು ಮಾತ್ರ ಒಂದು ಸಲ ಹುಡುಕಿಕೊಂಡು ಬಂದು, ನಿಂತೇ ಮಾತಾಡಿ ಹೋದರು.

ಒಂದು ದಿನ ನಾನೇ ತಡೆಯಲಾರದೆ ಕೇಳಿದೆ. ಠಾಣೆಯಲ್ಲಿ ಹೇಳಿದಿರಿ, ಸಭೆಯಲ್ಲಿ ಹೇಳಿದ್ದೂ ಆಯಿತು, ಇನ್ನು ಆ ಹಳ್ಳಿಗೆ ಯಾಕೆ ಹೋಗುತ್ತೀರಿ, ಅಕ್ಕನ ಗತಿ ಏನು ಎಂದು. ಮೇಸ್ತ್ರಿ ಹೇಳಿದ್ದು ಇಷ್ಟು. ಕೃಪೆ ಅನ್ನೋ ಮುಚ್ಚಳಾನ ನಾನು ತಪ್ಪಾಗಿ ತಿಳ್ಕೊಂಡಿದ್ದೆ ಟೀಚರಮ್ಮ. ಅದು ನನ್ನ ಸುಳ್ಳನ್ನ ಬಚ್ಚಿಡೋದಕ್ಕೆ ಅಂದ್ಕೊಂಡಿದ್ದೆ.

ಹಬ್ಬದ ದಿನ ಮೂವರೂ ಬಸ್ಸು ಹತ್ತಿದೆವು. ಅಕ್ಕನೂ ನಾನೂ ಕೂತೆವು, ಅವರು ಸರಳು ಹಿಡಿದು ನಿಂತರು. ಬಸ್ಸಿಳಿದು ಎರಡು ಮೈಲಿ ನಡಿಗೆ. ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನಾನು ತಿರುಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಹೆಂಚಿನ ಚಿಕ್ಕ ಮನೆ. ನಡುಮನೆಯಲ್ಲಿ ಗೋಡೆಗೆ ಸಾಲಾಗಿ ಬಾಳೆಲೆ ಹಾಕಿ ಎಡೆ ಇಟ್ಟಿದ್ದರು. ಮಡಿಸಿದ ಹೊಸ ಪಂಚೆ, ವಡೆ, ಕೋಳಿಸಾರು, ಮುದ್ದೆ. ಕೊನೆಯ ಎಲೆಯ ಪಕ್ಕದಲ್ಲಿ ಗ್ಲಾಸು, ಅದರ ವಾಸನೆ ಬಾಗಿಲಿಗೇ ಬರುತ್ತಿತ್ತು. ನಾರಾಯಣಮ್ಮನ ಅತ್ತೆ ಮುದುಕಿ, ಕಣ್ಣು ಮಂಜು. ನಾವು ಯಾರೆಂದು ಸೊಸೆ ಇನ್ನೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮಗನ ಜೊತೆ ಕೆಲಸ ಮಾಡಿದವರು ಎಂದು ತಿಳಿದು, ನನ್ನ ಕೈ ಹಿಡಿದುಕೊಂಡು ಹೇಳಿದಳು.

"ನಂಗೆ ಹೇಳ್ದೆ ಕುಡೀತಿದ್ನಂತಮ್ಮ. ಹೇಳಿದ್ರೆ ನಾನೇನು ಬೈತಿದ್ನಾ?"

ಮೇಸ್ತ್ರಿ ಎಡೆಯ ಮುಂದೆ ಹೋಗಿ ನಿಂತರು. ಮುದುಕಿಗೂ ಆ ಎಲೆಗೂ ಕೇಳುವ ಹಾಗೆ, ತೆಲುಗಿನಲ್ಲಿ, ಒಂದೂ ಬಿಡದೆ ಹೇಳಿದರು. ಗೂಡು ಬಿಸಿ ಇತ್ತು. ಲಾರಿ ನಿಂತಿತ್ತು. ಬಿಚ್ಚು ಅಂದೆ. ಅವನು ಇನ್ನೂ ಬಿಸಿ ಇದೆ ಮೇಸ್ತ್ರಿ ಅಂದ. ಆದರೂ ಹತ್ತು ಅಂದೆ. ಈ ಕೊನೆಯ ಮಾತನ್ನು ಅವರು ಅಲ್ಲಿಯವರೆಗೆ ಯಾವ ಸಭೆಯಲ್ಲೂ ಹೇಳಿರಲಿಲ್ಲ, ಅಕ್ಕನಿಗೂ ಹೇಳಿರಲಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು.

ಮುದುಕಿ ಅವರ ದನಿಯ ಕಡೆ ಮುಖ ತಿರುಗಿಸಿದಳು. ಕುಡಿದಿರಲಿಲ್ಲವಾ ಎಂದು ಕೇಳಿದಳು. ಇಲ್ಲಮ್ಮ ಎಂದರು. ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲ ಕೇಳಿದ ಮೇಲೆ ತಡಕಾಡಿ ಗ್ಲಾಸು ಎತ್ತಿ ಸೊಸೆಯ ಕೈಗೆ ಕೊಟ್ಟಳು. ನಾರಾಯಣಮ್ಮ ಅದನ್ನು ಹೊರಗೆ ಒಯ್ದು ಬೇಲಿಯಾಚೆ ಚೆಲ್ಲಿ, ತೊಳೆದು ತಂದಿಟ್ಟಳು. ಖಾಲಿ ಗ್ಲಾಸು ಮುಟ್ಟಿ ನೋಡಿ ಮುದುಕಿ ಕೇಳಿದಳು.

"ಹಂಗಾದ್ರೆ ನನ್ನ ಮಗ ಏನು ಕುಡೀತಿದ್ದ?"

"ಟೀ. ಬೆಲ್ಲ ಜಾಸ್ತಿ ಹಾಕಿದ್ದು. ಗೂಡು ಹೊತ್ತಿಸೋ ದಿನ ಎರಡೆರಡು ಲೋಟ ಕೇಳೋನು."

ಮೇಸ್ತ್ರಿ ಹೇಳಿದ ಈ ಸಂಗತಿ ಆ ತಾಯಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಟೀ ಮಾಡುವ ರೂಢಿ ಇರಲಿಲ್ಲವೋ ಏನೋ, ಟೀಸೊಪ್ಪು ತರಲು ಸೊಸೆ ಅಂಗಡಿಗೆ ಓಡಿದಳು. ಬೆಲ್ಲವನ್ನು ಮುದುಕಿಯೇ ಕುಟ್ಟಿ ಹಾಕಿದಳು. ಮೊದಲ ಗ್ಲಾಸು ಎಡೆಗೆ ಇಟ್ಟು, ನಮಸ್ಕಾರ ಮಾಡಿ ಎದ್ದಳು. ಆಮೇಲೆ ಅದೇ ಪಾತ್ರೆಯಿಂದ ಒಂದು ಲೋಟಕ್ಕೆ ಬಗ್ಗಿಸಿ ಮೇಸ್ತ್ರಿಯ ಕಡೆ ಹಿಡಿದಳು.

"ಕೂತ್ಕೊಂಡು ಕುಡಿ."

ಮೇಸ್ತ್ರಿ ಲೋಟ ತೆಗೆದುಕೊಂಡರು, ಕೂರಲಿಲ್ಲ. ನಾರಾಯಣಮ್ಮನ ಕಡೆ ನೋಡಿದರು. ಅವಳು ಅವರನ್ನು ಕ್ಷಮಿಸಿದಳು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಮುಖ ಗಂಟಿಕ್ಕಿಕೊಂಡೇ ಇದ್ದಳು. ಗೋಡೆಗೆ ಒರಗಿಸಿದ್ದ ಮಣೆಯನ್ನು ಕೆಳಗೆ ಹಾಕಿ, ಕಾಲಿನಿಂದ ಅವರ ಕಡೆಗೆ ತಳ್ಳಿದಳು.

ಮೇಸ್ತ್ರಿ ಕೂತರು. ಅಷ್ಟು ವರ್ಷ ಮಡಿಸದ ಮೊಣಕಾಲು, ಲಟಕ್ ಎಂದು ಸದ್ದಾಯಿತು. ಲೋಟವನ್ನು ಮುಂದೆ ನೆಲದ ಮೇಲೆ ಇಟ್ಟುಕೊಂಡು, ಅದರ ಬಾಯಿಗೆ ಅಂಗೈ ಹಿಡಿದರು. ಆರುವವರೆಗೂ ಕಾದು, ಆಮೇಲೆ ಕುಡಿದರು.